ಹನ್ನೆರಡು ನಿಮಿಷ ಮುಂದಿದ್ದ ಲ್ಯಾಬು

ಆಸ್ಪತ್ರೆಗೂ ಲ್ಯಾಬಿಗೂ ನಡುವೆ ಇದ್ದದ್ದು ಒಂದೇ ಒಂದು ಗೋಡೆ. ಈ ಕಡೆ ನಿಂತು ಕೆಮ್ಮಿದರೆ ಆ ಕಡೆ ಕೇಳಿಸುತ್ತಿತ್ತು. ಆದರೆ ಈ ಕಡೆಯ ಕಂಪ್ಯೂಟರಿಗೆ ಆ ಕಡೆಯೂ ಕಂಪ್ಯೂಟರುಗಳಿವೆ ಎಂಬ ಸುದ್ದಿಯೇ ಇರಲಿಲ್ಲ. ರಾಯಚೂರಿನ ಆ ಖಾಸಗಿ ಆಸ್ಪತ್ರೆಯಲ್ಲಿ ಇದ್ದವೆಲ್ಲ ವಿಂಡೋಸ್ ಕಂಪ್ಯೂಟರುಗಳು. ಮಾನ್ವಿ ಮತ್ತು ದೇವದುರ್ಗದ ಅದರ ಎರಡು ಶಾಖೆಗಳೂ ಇಂಟರ್ನೆಟ್ ಮೂಲಕ ಅದೇ ನೆಟ್‌ವರ್ಕಿಗೆ ಸೇರಿದ್ದವು. ಗೋಡೆಯಾಚೆಯ ಲ್ಯಾಬಿನಲ್ಲಿದ್ದದ್ದು ಐದು ಕಂಪ್ಯೂಟರು, ಐದೂ ಲಿನಕ್ಸ್. ಲ್ಯಾಬು ಮೊದಲು ಸ್ವತಂತ್ರವಾಗಿತ್ತು, ಹೋದ ವರ್ಷ ಆಸ್ಪತ್ರೆಯವರು ಅದನ್ನು ತಮ್ಮೊಳಗೆ ಸೇರಿಸಿಕೊಂಡರು. ಬೋರ್ಡು ಒಂದಾಯಿತು, ಗೋಡೆಯ ಬಣ್ಣ ಒಂದಾಯಿತು, ನೆಟ್‌ವರ್ಕು ಮಾತ್ರ ಎರಡಾಗಿಯೇ ಉಳಿಯಿತು.

ಹೀಗಾಗಿ ಲ್ಯಾಬಿನ ವರದಿಗಳು ಬಸ್ಸಿನಲ್ಲಿ ಪ್ರಯಾಣ ಮಾಡುತ್ತಿದ್ದವು. ದೇವದುರ್ಗದಿಂದ ಬೆಳಗಿನ ಬಸ್ಸಿಗೆ ಐಸ್ ಡಬ್ಬಿಯಲ್ಲಿ ರಕ್ತದ ಸ್ಯಾಂಪಲ್ ಬರುತ್ತಿತ್ತು. ಸಂಜೆ ನಾಲ್ಕೂವರೆಯ ಬಸ್ಸಿಗೆ ಅಚ್ಚಾದ ವರದಿಗಳ ಕವರು ಕಂಡಕ್ಟರನ ಕೈಯಲ್ಲಿ ಹೋಗುತ್ತಿತ್ತು. ಮಾನ್ವಿಗೂ ಇದೇ ವ್ಯವಸ್ಥೆ. ಮೊಬೈಲಿನಲ್ಲಿ ಫೋಟೊ ಕಳಿಸಿದರಾಗದೇ ಎಂದು ನಾನೂ ಕೇಳಿದೆ. ಹಿಂದೆ ಹಾಗೆ ಕಳಿಸಿ, ಒಬ್ಬರ ವರದಿ ಇನ್ನೊಬ್ಬರ ಮನೆ ಸೇರಿ, ದೊಡ್ಡ ರಂಪವಾಗಿ, ಅದನ್ನು ಬಂದ್ ಮಾಡಿದ್ದರಂತೆ.

ನೆಟ್‌ವರ್ಕ್ ಜೋಡಿಸುವುದು ನನ್ನ ಕಸುಬು. ಆಸ್ಪತ್ರೆಯ ಮ್ಯಾನೇಜರ್ ನನ್ನನ್ನು ಕರೆಸಿದಾಗ ಕುರ್ಚಿ ತೋರಿಸುವ ಮೊದಲೇ ಗಡುವು ತೋರಿಸಿದರು.

"ಎಂಟು ದಿನ ಅದಾವ್ರೀ ಮೇಡಂ. ಲ್ಯಾಬಿನ ರಿಪೋರ್ಟು ಮಾನ್ವಿ, ದೇವದುರ್ಗದ ಡಾಕ್ಟರ್ ಸ್ಕ್ರೀನ್ ಮ್ಯಾಲ ಕಾಣಬೇಕು. ಕಾಣಲಿಲ್ಲಂದ್ರ ಲ್ಯಾಬ್ ಮುಚ್ಚಿ, ಸ್ಯಾಂಪಲ್ ಎಲ್ಲಾ ಹೈದರಾಬಾದಿಗೆ ಕಳಸೋದಂತ ದೊಡ್ಡ ಡಾಕ್ಟರ್ ಹೇಳ್ಯಾರ."

"ಹೈದರಾಬಾದಿಂದ ರಿಪೋರ್ಟ್ ಬರಾಕ ಎಷ್ಟು ದಿನಾರೀ?"

"ಎರಡು ದಿನ. ಅದಕ್ಕ ಜಲ್ದಿ ಮಾಡ್ರಿ."

ಲ್ಯಾಬಿಗೂ ವಿಂಡೋಸ್ ಹಾಕಿಬಿಡುವ ದಾರಿ ಇರಲಿಲ್ಲ. ಅಲ್ಲಿಯ ಸಾಫ್ಟ್‌ವೇರ್ ಲಿನಕ್ಸಿನಲ್ಲಿ ಮಾತ್ರ ಓಡುತ್ತಿತ್ತು, ರಕ್ತ ಪರೀಕ್ಷೆಯ ಯಂತ್ರವೂ ಅದಕ್ಕೇ ಒಗ್ಗಿಕೊಂಡಿತ್ತು. ಅದನ್ನೆಲ್ಲ ಕಟ್ಟಿದವರು ಲ್ಯಾಬಿನ ಹಿರಿಯರು. ಅರವತ್ತು ದಾಟಿದ, ಇಸ್ತ್ರಿ ಮಾಡಿದ ಬಿಳಿ ಕೋಟಿನ ತೆಳ್ಳನೆ ಮನುಷ್ಯ. ಮ್ಯಾನೇಜರಿನಿಂದ ಹಿಡಿದು ಕಸ ಗುಡಿಸುವ ಹೆಣ್ಣುಮಗಳವರೆಗೆ ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ಮನೆಯಲ್ಲಿ ದಖ್ಖನಿ, ಲ್ಯಾಬಿನಲ್ಲಿ ಅಪ್ಪಟ ರಾಯಚೂರು ಕನ್ನಡ. ಲಿನಕ್ಸನ್ನು ಎಲ್ಲಿ ಕಲಿತಿರಿ ಎಂದು ಕೇಳಿದ್ದಕ್ಕೆ, ಯಾವುದೋ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿ.ಡಿ. ಹಾಕಿ ನೋಡಿದೆ, ಹತ್ತಿಕೊಂಡಿತು ಅಂದರು. ಅವರ ಕೈಕೆಳಗೆ ಇನ್ನೂ ನಾಲ್ವರಿದ್ದರು. ನನ್ನ ಕೆಲಸ ಕೆಟ್ಟರೆ ಐವರೂ ಮನೆಗೆ. ಇದು ಅವರಿಗೂ ಗೊತ್ತಿತ್ತು, ಆದರೂ ನಾನು ಹೋದೊಡನೆ ಚಹಾ ತರಿಸಿದರು.

ಮೊದಲ ದಿನವೇ ನನ್ನ ಮರ್ಯಾದೆ ಹೋಯಿತು. ಗೋಡೆ ಕೊರೆದು, ಕೇಬಲ್ ಎಳೆದು, ಎರಡೂ ಕಡೆ ಚುಚ್ಚಿದ ಕೂಡಲೇ ಆಸ್ಪತ್ರೆಯ ಚೀಟಿ ಕೌಂಟರಿನ ಕಂಪ್ಯೂಟರ್ ನಿಂತುಹೋಯಿತು. ಹೊರಗೆ ಸರತಿಯಲ್ಲಿದ್ದ ಜನ ಬೊಬ್ಬೆ ಹೊಡೆದರು. ಪರೀಕ್ಷಿಸಿದರೆ, ಎರಡೂ ನೆಟ್‌ವರ್ಕುಗಳ ವಿಳಾಸಗಳು ಒಂದೇ ಸಾಲಿನವು. ಎರಡು ಓಣಿಗಳಲ್ಲೂ ಮನೆಗಳಿಗೆ ಒಂದರಿಂದ ನಂಬರ್ ಬರೆದು, ನಡುವಿನ ಗೋಡೆ ಕೆಡವಿದ ಹಾಗಾಗಿತ್ತು. ಚೀಟಿ ಕೌಂಟರಿನ ನಂಬರೂ ಲ್ಯಾಬ್ ಸರ್ವರಿನ ನಂಬರೂ ಒಂದೇ. ಹೊಸದಾಗಿ ಕೈ ಹಾಕುವವರೂ ಮೊದಲು ನೋಡುವ ಸಂಗತಿ ಇದು, ನಾನು ನೋಡಿರಲಿಲ್ಲ. ಕೇಬಲ್ ಕಿತ್ತು, ತಲೆ ತಗ್ಗಿಸಿ, ಲ್ಯಾಬಿನೊಳಗೆ ಹೋಗಿ ಕೂತೆ.

ಎರಡನೆಯ ದಿನವಿಡೀ ಲ್ಯಾಬಿನ ಕಡೆಯ ವಿಳಾಸಗಳನ್ನೆಲ್ಲ ಬೇರೆ ಸಾಲಿಗೆ ಬದಲಾಯಿಸಿದೆ. ಕಂಪ್ಯೂಟರು, ಪ್ರಿಂಟರು ಸುಲಭವಾಗಿ ಬಗ್ಗಿದವು. ರಕ್ತ ಪರೀಕ್ಷೆಯ ಯಂತ್ರ ಮಾತ್ರ ಹಟ ಹಿಡಿಯಿತು, ವಿಳಾಸ ಬದಲಿಸುವ ಜಾಗ ಅದರ ಮೆನುವಿನಲ್ಲಿ ಎಲ್ಲೂ ಕಾಣಲಿಲ್ಲ. ಚಾಚಾ ಡ್ರಾಯರಿನಿಂದ ಒಂದು ಹಳೆಯ ನೋಟುಬುಕ್ಕು ತೆಗೆದರು. ಯಂತ್ರ ಕೂರಿಸಲು ಬಂದವನು ಒತ್ತಿದ ಗುಂಡಿಗಳನ್ನೆಲ್ಲ ಅವರು ಪಕ್ಕದಲ್ಲಿ ನಿಂತು ಒಂದೊಂದಾಗಿ ಬರೆದಿಟ್ಟುಕೊಂಡಿದ್ದರು. ಆರನೆಯ ಪುಟದಲ್ಲಿ ನಮಗೆ ಬೇಕಾದದ್ದಿತ್ತು. ಈ ಮನುಷ್ಯನ ಮೇಲೆ ನನಗೆ ಭಕ್ತಿ ಹುಟ್ಟಿದ್ದು ಆಗ.

ಮೂರನೆಯ ದಿನ ಮುಖ್ಯ ಕೆಲಸ. ಲ್ಯಾಬಿನ ಸರ್ವರ್ ಪ್ರತಿ ವರದಿಯನ್ನೂ ಒಂದು ಫೋಲ್ಡರಿನಲ್ಲಿ ಇಡುತ್ತಿತ್ತು. ಆ ಫೋಲ್ಡರು ಆಸ್ಪತ್ರೆಯ ವಿಂಡೋಸ್ ಕಂಪ್ಯೂಟರುಗಳಿಗೆ ಕಾಣಬೇಕು. ವೈದ್ಯರು ತಮ್ಮ ಆಸ್ಪತ್ರೆಯ ಹೆಸರು, ಪಾಸ್‌ವರ್ಡಿನಲ್ಲೇ ಅದನ್ನು ತೆರೆಯಬೇಕು, ಇನ್ನೊಂದು ಪಾಸ್‌ವರ್ಡ್ ಕೊಟ್ಟರೆ ಅದನ್ನು ಚೀಟಿಯಲ್ಲಿ ಬರೆದು ಸ್ಕ್ರೀನಿಗೇ ಅಂಟಿಸುತ್ತಾರೆ. ಅಂದರೆ, ಒಳಗೆ ಬಂದವರು ಯಾರು ಎಂದು ಲಿನಕ್ಸ್ ಸರ್ವರ್ ತಾನು ಕೇಳಬಾರದು, ಆಸ್ಪತ್ರೆಯ ವಿಂಡೋಸ್ ಸರ್ವರಿನ ಮಾತು ನಂಬಬೇಕು. ಅದಕ್ಕೆ ಬೇಕಾದ ಸಾಫ್ಟ್‌ವೇರ್ ಹಾಕಿದೆ. ನಡುವೆ ಲ್ಯಾಬಿನ ಸರ್ವರಿನ ಗಡಿಯಾರ ಮುಂದಿರುವುದು ಕಂಡು, ಹಳೆಯ ಮಷೀನು ಬಿಡು ಎಂದುಕೊಂಡು ಸರಿಮಾಡಿದೆ. ಮಧ್ಯಾಹ್ನ ಮೂರಕ್ಕೆ ಮಾನ್ವಿಯ ವೈದ್ಯರು ಫೋನಿನಲ್ಲಿ, "ಕಾಣ್ತದ್ರೀ, ಎಲ್ಲಾ ಕಾಣ್ತದ" ಅಂದರು. ನಾನು ಖುಷಿಗೆ ಎಲ್ಲರಿಗೂ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ತರಿಸಿದೆ. ಐದು ದಿನ ಮಿಗಿಸಿದ ಗತ್ತಿನಲ್ಲಿ ಮನೆಗೆ ಹೋದೆ.

ನಾಲ್ಕನೆಯ ದಿನ ಬೆಳಿಗ್ಗೆ ಒಂಬತ್ತೂಕಾಲಿಗೆ ಮ್ಯಾನೇಜರ್ ಫೋನು. "ಏನ್ ಮಾಡಿ ಹೋದ್ರಿ ಮೇಡಂ? ಒಬ್ಬರಿಗೂ ಓಪನ್ ಆಗವಲ್ತು!"

ಓಡಿದೆ. ಸರ್ವರಿನ ದಾಖಲೆ ತೆರೆದರೆ ಕಾರಣ ಸ್ಪಷ್ಟವಾಗಿತ್ತು: ಎರಡು ಸರ್ವರುಗಳ ಸಮಯ ತಾಳೆಯಾಗುತ್ತಿಲ್ಲ. ಈ ನಂಬಿಕೆಯ ವ್ಯವಹಾರ ನಡೆಯುವುದು ಟಿಕೆಟಿನ ಲೆಕ್ಕದಲ್ಲಿ. ವಿಂಡೋಸ್ ಸರ್ವರ್ ವೈದ್ಯರಿಗೊಂದು ಟಿಕೆಟ್ ಕೊಡುತ್ತದೆ, ಅದರ ಮೇಲೆ ಸಮಯ ಇರುತ್ತದೆ, ಲಿನಕ್ಸ್ ಸರ್ವರ್ ಅದನ್ನು ತನ್ನ ಗಡಿಯಾರದ ಜೊತೆ ಹೋಲಿಸುತ್ತದೆ. ಯಾರೋ ಹಳೆಯ ಟಿಕೆಟ್ ಕದ್ದು ತಂದಿರಬಾರದಲ್ಲ, ಅದಕ್ಕೆ. ಐದು ನಿಮಿಷದವರೆಗಿನ ವ್ಯತ್ಯಾಸವನ್ನು ಸಹಿಸಿಕೊಳ್ಳುತ್ತದೆ, ಅದಕ್ಕಿಂತ ಹೆಚ್ಚಾದರೆ ಬಾಗಿಲು ತೆರೆಯುವುದಿಲ್ಲ. ಲ್ಯಾಬಿನ ಸರ್ವರ್ ಹನ್ನೆರಡು ನಿಮಿಷ ಮುಂದಿತ್ತು.

ಒಳಗಿನ ಗುಂಡು ಬ್ಯಾಟರಿ ಸತ್ತಿರಬೇಕು ಎಂದು ಹೊಸದು ಹಾಕಿದೆ. ಸಮಯವನ್ನು ಆಸ್ಪತ್ರೆಯ ಸರ್ವರಿನಿಂದಲೇ ತಾನಾಗಿ ಪಡೆಯುವಂತೆ ಕಟ್ಟಿದೆ. ಎಲ್ಲ ಸರಿಯಾಯಿತು. ಐದನೆಯ ದಿನ ಬೆಳಿಗ್ಗೆ ಮತ್ತೆ ಅದೇ ಫೋನು, ಮತ್ತೆ ಹನ್ನೆರಡು ನಿಮಿಷ.

ಸಿಟ್ಟು ಬರಬೇಕಿತ್ತು, ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಬಂದದ್ದು ಕುತೂಹಲ. ಬ್ಯಾಟರಿ ಸತ್ತ ಗಡಿಯಾರ ಹಿಂದೆ ಬೀಳುತ್ತದೆ, ಇದು ಮುಂದೆ ಓಡಿದೆ. ಕೆಟ್ಟದ್ದು ದಿನಕ್ಕೊಂದು ತರಹ ಕೆಡುತ್ತದೆ, ಇದು ಎರಡೂ ದಿನ ಕರಾರುವಾಕ್ಕಾಗಿ ಹನ್ನೆರಡೇ. ಯಾವ ಯಂತ್ರಕ್ಕೆ ಇಷ್ಟು ಶಿಸ್ತು ಇರುತ್ತದೆ? ದಾಖಲೆಯನ್ನು ಹಿಂದಕ್ಕೆ ಹಿಂದಕ್ಕೆ ಓದಿದೆ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಯಾರೋ ಸಮಯ ಬದಲಿಸಿದ್ದಾರೆ ಎಂದು ಅದು ಹೇಳುತ್ತಿತ್ತು. ನನ್ನ ಹೆಗಲ ಮೇಲಿಂದ ಇಣುಕುತ್ತಿದ್ದ ಮ್ಯಾನೇಜರ್, "ಯಾರೇ ಇರ್ಲಿ, ಅವರ ಪಾಸ್‌ವರ್ಡ್ ಕಿತ್ತಾಕ್ರಿ, ಮುಗೀತು" ಅಂದರು. ಎರಡು ನಿಮಿಷದ ಕೆಲಸ ಅದು. ಆದರೆ ಯಾರು, ಏಕೆ ಎಂದು ತಿಳಿಯದೆ ಹೋದರೆ ನನಗೆ ಊಟ ಸೇರುವುದಿಲ್ಲ.

ಆರನೆಯ ದಿನ ಎಂಟೂವರೆಗೇ ಹೋಗಿ ಲ್ಯಾಬಿನ ಮೂಲೆಯ ಸ್ಟೂಲಿನ ಮೇಲೆ ಕೂತೆ. ಚಾಚಾ ಬಂದರು, ಕೋಟು ಹಾಕಿಕೊಂಡರು, ಸ್ಕ್ರೀನಿನ ಗಾಜು ಒರೆಸಿದರು, ಬಿಸ್ಮಿಲ್ಲಾ ಎಂದು ಸರ್ವರಿನ ಮುಂದೆ ಕೂತರು. ಮೊದಲು ಮಾಡಿದ ಕೆಲಸವೇ ಸಮಯದ ಸೆಟ್ಟಿಂಗ್ ತೆರೆದದ್ದು. ನಾನು ಕಟ್ಟಿದ್ದ ಗಂಟನ್ನು ಬಿಚ್ಚಿ, ಕೈಗಡಿಯಾರ ನೋಡಿಕೊಂಡು ಹನ್ನೆರಡು ನಿಮಿಷ ಮುಂದಿಟ್ಟರು.

"ಚಾಚಾ, ಏನ್ ಮಾಡಾಕತ್ತೀರಿ?"

"ಟೈಮ್ ಸರಿ ಮಾಡಾಕತ್ತೀನಿ ಬೇಟಿ, ದಿನಾ ಮುಂಜಾನಿ ಇದ ನನ್ನ ಮೊದಲ ಕೆಲಸ. ನೀ ಕೆಲಸ ಶುರು ಮಾಡಿದಾಗಿಂದ ಈ ಮಷಿನ್ ದಿನಾ ಹಿಂದ ಬೀಳಾಕತ್ತದ. ನಿನಗ ತಲಿಬ್ಯಾನಿ ಯಾಕಂತ ಹೇಳಲಿಲ್ಲ, ನಾನ ಮಾಡಿಕೋತೀನಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೂರು ದಿನದಿಂದ ನಾನು ಸರಿಮಾಡಿದ್ದನ್ನು ಅವರು, ಅವರು ಸರಿಮಾಡಿದ್ದನ್ನು ನಾನು ಸರಿಮಾಡುತ್ತಿದ್ದೆವು. ಇಬ್ಬರೂ ಪಾಪ, ಇನ್ನೊಬ್ಬರಿಗೆ ತೊಂದರೆಯಾಗದಿರಲಿ ಎಂದು ಬಾಯಿ ಬಿಟ್ಟಿರಲಿಲ್ಲ.

"ಮುಂದ ಯಾಕ ಇಡ್ತೀರಿ ಚಾಚಾ?"

"ಬಸ್ಸಿಗೆ. ನಾಲ್ಕೂವರಿಗೆ ಬಸ್ಸು. ಇಲ್ಲಿ ನಾಲ್ಕೂವರಿ ಆದಾಗ ಹೊರಗ ನಾಲ್ಕು ಹದಿನೆಂಟು. ಕವರ್ ಹಿಡ್ಕೊಂಡು ಆಟೊ ಹತ್ತಿದ್ರ ಸಿಗ್ತದ."

"ಗೋಡಿ ಗಡಿಯಾರ ಮುಂದ ಇಟ್ರ ಸಾಕಲ್ರೀ?"

"ಗೋಡಿ ಯಾರು ನೋಡ್ತಾರ ಬೇಟಿ? ಎಲ್ಲಾರೂ ಸ್ಕ್ರೀನಿನ ಮೂಲಿ ನೋಡ್ತಾರ. ಸರ್ವರ್ ಒಂದು ಮುಂದ ಇಟ್ರ ಉಳಿದ ನಾಲ್ಕೂ ಅದರ ಹಿಂದ ಬರ್ತಾವ."

ಆಗ ಒಳಬಂದ ಸಿಬ್ಬಂದಿಯನ್ನು ಒಬ್ಬೊಬ್ಬರಾಗಿ ಕೇಳಿದೆ. ಲ್ಯಾಬಿನ ಗಡಿಯಾರ ಮುಂದಿರುವುದು ಎಲ್ಲರಿಗೂ ಗೊತ್ತು. ಎಷ್ಟು ಎನ್ನುವುದರಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ಉತ್ತರ. ಒಬ್ಬಳು ಐದು ಅಂದಳು, ಇನ್ನೊಬ್ಬ ಹತ್ತು ಅಂದ, ಮೂರನೆಯವಳು ಏಳೋ ಎಂಟೋ ಇರಬೇಕು ಅಂದಳು. ಚಾಚಾ ನನ್ನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು: "ಹನ್ನೆರಡು ಅಂತ ಹೇಳಬ್ಯಾಡ. ಗೊತ್ತಾದ್ರ ಅಷ್ಟು ಕಳದು ಆರಾಮಾಗಿ ಕೂಡ್ತಾರ."

ಹನ್ನೆರಡೇ ಏಕೆ ಎಂದರೆ ಬೆರಳು ಮಡಿಚಿ ಲೆಕ್ಕ ಹೇಳಿದರು. "ಒಮ್ಮಿ ಬಸ್ ತಪ್ಪಿತ್ತು, ಅದಕ್ಕ ಐದು. ಆಟೊದವಗ ಐದು. ಎರಡು ಮ್ಯಾಲಿನವಂಗ." ಮೇಲಕ್ಕೆ ಕೈ ತೋರಿಸಿದರು. ತಪ್ಪಿದ ಬಸ್ಸಿನ ಬಗ್ಗೆ ನಾನು ಕೇಳುವ ಮೊದಲೇ ಸ್ಯಾಂಪಲ್ ಡಬ್ಬಿ ತೆರೆಯಲು ಎದ್ದರು.

ಅವರ ಗಡಿಯಾರವೇ ಅವರ ಲ್ಯಾಬನ್ನು ಮುಚ್ಚಿಸಲಿದೆ ಎಂದು ಆಗಲೇ ಹೇಳಬೇಕಿತ್ತು. ಅದರ ಬದಲು ಮ್ಯಾನೇಜರಿಗೆ ಒಂದು ದಿನ ತಾಳಿ ಎಂದು ಹೇಳಿ, ಗಡಿಯಾರವನ್ನು ಹಾಗೇ ಬಿಟ್ಟೆ. ಹೇಗಿದ್ದರೂ ಅಂದು ದೇವದುರ್ಗದ ಶಾಖೆಯ ಕಂಪ್ಯೂಟರ್ ಸಜ್ಜುಮಾಡಲು ಹೋಗಬೇಕಿತ್ತು. ಆ ಹನ್ನೆರಡು ನಿಮಿಷ ಎಲ್ಲಿಗೆ ಹೋಗುತ್ತವೆ ನೋಡೋಣ ಎಂದು, ಅದೇ ನಾಲ್ಕೂವರೆಯ ಬಸ್ಸಿಗೆ ನಾನೇ ಕವರು ಹಿಡಿದು ಹೊರಟೆ. ಕಂಡಕ್ಟರ್ ಕವರನ್ನು ನೋಡಿದ ಕೂಡಲೇ, "ಚಾಚಾಗ ಆರಾಮಿಲ್ಲೇನ್ರೀ?" ಎಂದು ಕೇಳಿದ. ನಾನು ಕವರು ಮಡಿಲಲ್ಲಿಟ್ಟುಕೊಂಡರೆ ಅವನಿಗೆ ಸಮಾಧಾನವಿಲ್ಲ. ಇಸಿದುಕೊಂಡು ತನ್ನ ಚೀಲದೊಳಗೆ ಇಟ್ಟುಕೊಂಡ. ದಾರಿಯ ಗಬ್ಬೂರಿನಲ್ಲಿ ಜನ ತುಂಬಿ ಕಾಲಿಡಲು ಜಾಗವಿಲ್ಲದಾದಾಗಲೂ ಆ ಚೀಲದ ಮೇಲೊಂದು ಕೈ ಇಟ್ಟೇ ಟಿಕೆಟ್ ಹರಿದ.

ದೇವದುರ್ಗದ ಶಾಖೆಯ ನರ್ಸ್ ಬಸ್ ನಿಲ್ದಾಣದಲ್ಲೇ ಕಾಯುತ್ತಿದ್ದರು. ನಡು ವಯಸ್ಸಿನ, ನಗುಮುಖದ ಹೆಣ್ಣುಮಗಳು. ಶಾಖೆಗೆ ನಡೆಯುತ್ತ ನಾನು ಗಡಿಯಾರದ ಕಥೆ ತೆಗೆದೆ. ಅವರು ನಗುತ್ತಾರೆ ಎಂದುಕೊಂಡಿದ್ದೆ. ಅವರ ನಡಿಗೆ ನಿಧಾನವಾಯಿತು.

"ಆ ಐದು ನಿಮಿಷ ನನಗೂ ಗೊತ್ತದ ಅಕ್ಕಾ. ಲ್ಯಾಬ್ ಹೊಸದಿದ್ದಾಗ. ಒಬ್ಬಾಕಿ ಬಸುರಿ ಹೆಣ್ಣುಮಗಳದು, ರಕ್ತ ಎಷ್ಟದ ಅಂತ ರಿಪೋರ್ಟ್ ಬರಬೇಕಿತ್ತು. ಚಾಚಾ ಬಸ್ ಸ್ಟ್ಯಾಂಡಿಗೆ ಬರೋದ್ರಾಗ ಬಸ್ಸು ಬಿಟ್ಟಿತ್ತು. ಮುಂಜಾನಿ ಬರ್ತದ ಬಿಡಂತ ನಾವೂ ಆಕಿನ್ನ ಮನಿಗೆ ಕಳಿಸಿದ್ವಿ. ರಾತ್ರಿನ ಬ್ಯಾನಿ ಶುರುವಾಯ್ತು. ಮೈಯಾಗ ರಕ್ತ ಇರಲಿಲ್ಲ." ಎದುರು ಬಂದ ಸೈಕಲ್ಲಿಗೆ ದಾರಿ ಬಿಟ್ಟರು. "ತಾಯಿ ಉಳದ್ಲು."

ಅಷ್ಟೇ ಹೇಳಿದರು. ಕೂಸಿನ ಮಾತು ಅವರು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಶಾಖೆಯ ಕಂಪ್ಯೂಟರಿನ ಕೆಲಸ ಅರ್ಧ ಗಂಟೆಯಲ್ಲಿ ಮುಗಿಸಿ, ಮರಳುವ ಬಸ್ಸು ಹತ್ತಿ ಕಿಟಕಿಗೆ ತಲೆ ಆನಿಸಿದೆ. ಹನ್ನೆರಡು ನಿಮಿಷ ಕಿತ್ತರೆ ನೆಟ್‌ವರ್ಕು ಕೂಡುತ್ತದೆ, ಲ್ಯಾಬು ಉಳಿಯುತ್ತದೆ. ಆದರೆ ಇನ್ನೂ ಒಂದು ದಿನವೂ ಪೂರ್ತಿ ನಡೆಯದ ನನ್ನ ನೆಟ್‌ವರ್ಕನ್ನು ನಂಬಿ, ಆ ರಾತ್ರಿಯಿಂದೀಚೆಗೆ ಒಂದು ದಿನವೂ ತಪ್ಪದ ಅವರ ವ್ಯವಸ್ಥೆಯನ್ನು ಕಿತ್ತುಹಾಕಲು ನಾನ್ಯಾರು? ಎರಡೂ ಇರುವಂತೆ ಮಾಡಲಾಗದೇ?

ಹಾಗೆ ಯೋಚಿಸುತ್ತಿರುವಾಗಲೇ ಹೊಳೆಯಿತು. ಕಂಪ್ಯೂಟರ್ ಒಳಗೆ ಇಟ್ಟುಕೊಳ್ಳುವ ಸಮಯ ನಾವು ಸ್ಕ್ರೀನಿನ ಮೇಲೆ ನೋಡುವ ಸಮಯವಲ್ಲ. ಒಳಗಿರುವುದು ಇಡೀ ಜಗತ್ತಿಗೆ ಒಂದೇ ಆದ ಸಮಯ. ನಮ್ಮ ದೇಶ ಎಂದು ಹೇಳಿದರೆ ಅದಕ್ಕೆ ಐದೂವರೆ ತಾಸು ಕೂಡಿಸಿ ತೋರಿಸುತ್ತದೆ, ಅಷ್ಟೇ. ಟಿಕೆಟ್ ಪರೀಕ್ಷೆ ನಡೆಯುವುದು ಒಳಗಿನ ಸಮಯದ ಮೇಲೆ. ಹಾಗಾದರೆ ಕೂಡಿಸುವುದು ಐದೂವರೆ ತಾಸೇ ಆಗಬೇಕೆಂದು ಯಾರು ಹೇಳಿದರು? ಐದು ತಾಸು ನಲವತ್ತೆರಡು ನಿಮಿಷ ಕೂಡಿಸು ಎಂದರೆ ಲಿನಕ್ಸ್ ಏಕೆಂದು ಕೇಳುವುದಿಲ್ಲ. ಬಸ್ಸಿನಲ್ಲೇ ಗಟ್ಟಿಯಾಗಿ "ಆಹಾ!" ಅಂದೆನೆಂದು ಕಾಣುತ್ತದೆ, ಪಕ್ಕದ ಮುದುಕಿ ತನ್ನ ಗಂಟನ್ನು ಆ ಕಡೆ ಸರಿಸಿಕೊಂಡಳು.

ಏಳನೆಯ ದಿನ ಬೆಳಿಗ್ಗೆ ಚಾಚಾನ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ, ಟಿಕೆಟು, ಐದು ನಿಮಿಷದ ಮಿತಿ, ಮೂರು ದಿನದ ನಮ್ಮ ಹಗ್ಗಜಗ್ಗಾಟ. ಅವರ ಕೈ ಕೀಲಿಮಣೆಯಿಂದ ತಾನಾಗಿ ಹಿಂದೆ ಸರಿಯಿತು.

"ಅಂದ್ರ, ನನ್ನ ಲ್ಯಾಬಿಗೆ ನಾನ ಬೀಗ ಹಾಕಾಕತ್ತಿದ್ನೇನು?"

"ಅಂಥಾದ್ದೇನಿಲ್ಲ ಚಾಚಾ. ನೀವು ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ನೋಡ್ರಿ ಇಲ್ಲಿ."

ಸರ್ವರಿನ ಒಳಗಿನ ಸಮಯವನ್ನು ಮತ್ತೆ ಆಸ್ಪತ್ರೆಯ ಸರ್ವರಿಗೆ ಕಟ್ಟಿ, ಐದು ಕಂಪ್ಯೂಟರುಗಳಿಗೂ ಹೊಸ ಕಾಲವಲಯ ಬರೆದು ಹಾಕಿದೆ. ಜಗತ್ತಿನ ಪಟ್ಟಿಯಲ್ಲಿ ಎಲ್ಲೂ ಇಲ್ಲದ, ಆ ಒಂದು ಕೋಣೆಗೆ ಮಾತ್ರ ಸೇರಿದ ಕಾಲವಲಯ. ವರದಿಯ ಮೇಲೆ ಅಚ್ಚಾಗುವ ಸಮಯ ಮಾತ್ರ ಎಲ್ಲರ ಸಮಯವೇ ಇರುವಂತೆ ನೋಡಿಕೊಂಡೆ. ಒಳಗಿನ ಲೆಕ್ಕಕ್ಕೆ ನಮ್ಮ ಹತ್ತು ಗಂಟೆ, ಸ್ಕ್ರೀನಿನ ಮೂಲೆಯಲ್ಲಿ ಹತ್ತು ಹನ್ನೆರಡು. ಮಾನ್ವಿಗೆ ಫೋನು ಮಾಡಿದೆ, ವರದಿ ತೆರೆಯಿತು. ಚಾಚಾ ಒಮ್ಮೆ ಸ್ಕ್ರೀನು, ಒಮ್ಮೆ ಕೈಗಡಿಯಾರ ನೋಡಿದರು. "ಒಳಗೊಂದು, ಹೊರಗೊಂದು. ವಾಹ್!" ಅಂದರು. ಆಮೇಲೆ ಸರ್ವರನ್ನು ಮುಟ್ಟಲು ಅವರು ಹೆದರುತ್ತಿದ್ದದ್ದು ನೋಡಿ ನನಗೆ ಬೇಜಾರಾಯಿತು.

ಎಂಟನೆಯ ದಿನ ಬೆಳಿಗ್ಗೆ ಯಾರ ಫೋನೂ ಬರಲಿಲ್ಲ. ಸಂಜೆ ನಾಲ್ಕಕ್ಕೆ ಪರೀಕ್ಷೆ. ಗೋಡೆಯಾಚೆ ದೊಡ್ಡ ಡಾಕ್ಟರೂ ಮ್ಯಾನೇಜರೂ ಕೂತಿದ್ದರು, ಈಚೆ ನಾನು ಮತ್ತು ಚಾಚಾ, ಸ್ಪೀಕರ್ ಫೋನಿನಲ್ಲಿ ದೇವದುರ್ಗದ ನರ್ಸ್. ತೋರಿಕೆಯ ವರದಿ ಬೇಡ, ಅಂದಿನ ನಿಜವಾದ ವರದಿಯನ್ನೇ ಕಳಿಸಿ ಎಂದು ದೊಡ್ಡ ಡಾಕ್ಟರ್ ಹೇಳಿದ್ದರು. ಬೆಳಗಿನ ಡಬ್ಬಿಯಲ್ಲಿ ಬಂದ ಸ್ಯಾಂಪಲ್ಲೊಂದರ ಫಲಿತಾಂಶ ಆಗಷ್ಟೇ ಹೊರಬಿದ್ದಿತ್ತು. ಚಾಚಾ ಓದಿದರು, ಇನ್ನೊಮ್ಮೆ ಓದಿದರು, ಸೇವ್ ಒತ್ತಿದರು.

ಫೋನಿನಲ್ಲಿ ಏನೂ ಇಲ್ಲ. ಮತ್ತೂ ಏನೂ ಇಲ್ಲ. ಆಮೇಲೆ, "ಬಂತ್ರೀ ಚಾಚಾ! ಯವ್ವಾ, ಹಿಮೋಗ್ಲೋಬಿನ್ ಆರು ಅಂತ ಅದ. ಆಕಿ ಎಂಟು ತಿಂಗಳ ಬಸುರಿ, ಇಲ್ಲೇ ಬೆಂಚಿನ ಮ್ಯಾಲ ಕುಂತಾಳ. ಡಾಕ್ಟರಿಗೆ ತೋರಿಸಿ, ಗಾಡಿ ಹೇಳಿ ರಾಯಚೂರಿಗೆ ಕಳಸ್ತೀನ್ರೀ. ಇಡ್ತೀನಿ!" ಫೋನು ಕಟ್ಟಾಯಿತು. ದೊಡ್ಡ ಡಾಕ್ಟರಿಗೆ ಒಂದು ಮಾತು ಹೇಳುವಷ್ಟೂ ಪುರಸೊತ್ತು ಆಕೆ ಕೊಡಲಿಲ್ಲ.

ಮ್ಯಾನೇಜರ್ ಬಂದು ಲ್ಯಾಬು ಮುಚ್ಚುವ ಮಾತು ಬಿದ್ದುಹೋಯಿತೆಂದು ಹೇಳಿದರು. ಸಿಬ್ಬಂದಿ ಕುಣಿದರು. ಚಾಚಾ ನನ್ನ ಮೊಬೈಲ್ ಇಸಿದುಕೊಂಡು ಅದರಲ್ಲಿ ಸಮಯ ನೋಡಿದರು, ನಾಲ್ಕು ಹತ್ತು. "ಬಸ್ಸು ಇನ್ನೂ ಬಿಟ್ಟಿಲ್ಲ" ಅಂದರು. ತಮ್ಮ ಸ್ಕ್ರೀನಿನಲ್ಲಿ ನಾಲ್ಕೂವರೆ ಆದಾಗ ಎದ್ದು, ದಿನದಂತೆ ಕವರು ಹಿಡಿದು ಆಟೊ ಹತ್ತಿದರು. ನಾನು ತಡೆಯಲಿಲ್ಲ.

ಮೂರು ವಾರದ ಮೇಲೆ ಅವರೇ ಫೋನು ಮಾಡಿದರು. ದೇವದುರ್ಗದ ಆ ಹೆಣ್ಣುಮಗಳು ರಾಯಚೂರಿನ ಆಸ್ಪತ್ರೆಯಲ್ಲೇ ರಕ್ತ ಹಾಕಿಸಿಕೊಂಡಿದ್ದಳು, ಹಿಂದಿನ ದಿನ ಹೆರಿಗೆಯಾಗಿತ್ತು. "ತಾಯಿ, ಕೂಸು ಇಬ್ಬರೂ ಆರಾಮ ಅದಾರ ಬೇಟಿ. ಇಬ್ಬರೂ." ಆ ಕೊನೆಯ ಪದವನ್ನು ಎರಡು ಸಲ ಹೇಳಿದರು. ನನಗೆ ಕಣ್ಣು ತುಂಬಿತು, ಮುಚ್ಚಿಡುವುದೇನಿದೆ.

"ನಾಳೆ ಬಾ. ಈ ಹತ್ತು ನಿಮಿಷ ತಗದುಬಿಡು."

"ಹತ್ತಾ? ಹನ್ನೆರಡು ಅದಾವಲ್ಲ ಚಾಚಾ?"

"ತಪ್ಪಿದ ಬಸ್ಸಿಂದು ತಗಿ, ಆಟೊದವಂದೂ ತಗಿ. ಮ್ಯಾಲಿನವಂದು ಎರಡು ಇರ್ಲಿ."

ಮರುದಿನ ಹೋಗಿ ನನ್ನ ಆ ಅಪೂರ್ವ ಕಾಲವಲಯವನ್ನು ಅಳಿಸಿದೆ. ಎರಡು ನಿಮಿಷಕ್ಕೆ ಅದರ ಅಗತ್ಯವೇ ಇರಲಿಲ್ಲ, ಐದರವರೆಗೆ ಸರ್ವರ್ ತಕರಾರು ಮಾಡುವುದಿಲ್ಲವಲ್ಲ. ಯಾವ ಪಠ್ಯಪುಸ್ತಕವೂ ಒಪ್ಪದ ಕೆಲಸ, ಆದರೂ ಸರ್ವರಿನ ಸಮಯವನ್ನು ಮತ್ತೆ ಅವರ ಕೈಗೇ ಬಿಟ್ಟೆ. ಈಗಲೂ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಚಾಚಾ ಗಾಜು ಒರೆಸಿ, ಬಿಸ್ಮಿಲ್ಲಾ ಎಂದು, ಲ್ಯಾಬಿನ ಗಡಿಯಾರವನ್ನು ಎರಡು ನಿಮಿಷ ಮುಂದಿಡುತ್ತಾರೆ.